‘ಕ್ರೆಡಿಟ್ ಅಂದ್ರೆ ಸಾಲ ಅಲ್ವಾ ಅಣ್ಣ?’: ಕಾಲೇಜು ಗೇಟಿನ ಎದುರಿನ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಉನ್ನತ ಶಿಕ್ಷಣದ ಹೊಣೆ ಹೊತ್ತ ಅಧಿಕಾರಿಗಳಿಗೆ, ವಿದ್ಯಾರ್ಥಿವೇತನ ಹಂಚುವ ಇಲಾಖೆಗಳವರಿಗೆ, ರಾಜ್ಯದ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಯಂತ್ರ. ಎದುರಿಗೇ ಕಾಲೇಜಿನ ಗೇಟು. ಪಿಯುಸಿ ಫಲಿತಾಂಶ ಬಂದ ವಾರದಿಂದ ಶುರುವಾದರೆ ವರ್ಷದ ಕೊನೆಯವರೆಗೂ ನನಗೆ ಅರ್ಜಿ ತುಂಬುವ ಕೆಲಸ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನೀವು ಬರೆಯುವ ಪದಗಳು ಮಕ್ಕಳಿಗೆ ಅರ್ಥವಾಗುವುದಿಲ್ಲ, ಅದರಿಂದಲೇ ನನ್ನ ಸಂಸಾರ ನಡೆಯುತ್ತಿದೆ. ಅರ್ಜಿಯೊಂದಕ್ಕೆ ಐವತ್ತು ರೂಪಾಯಿ. ತಪ್ಪು ತಿದ್ದಿಸಲು ಬಂದರೆ ಮತ್ತೆ ಐವತ್ತು. ಹಾಗಾಗಿ ಈ ಪತ್ರ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡಂತೆ. ಇರಲಿ.

ಕಳೆದ ಜೂನ್‌ನಲ್ಲಿ ಒಬ್ಬ ಹುಡುಗಿ ಕಾಲೇಜಿನ ಪ್ರಾಸ್ಪೆಕ್ಟಸ್ ಹಿಡಿದುಕೊಂಡು ಬಂದಳು. ಪಿಯುಸಿಯಲ್ಲಿ ಕಾಮರ್ಸ್ ಓದಿದವಳು. ‘ಅಣ್ಣ, ಒಂದೊಂದು ಸಬ್ಜೆಕ್ಟಿನ ಮುಂದೂ ಮೂರು ಕ್ರೆಡಿಟ್, ನಾಲ್ಕು ಕ್ರೆಡಿಟ್ ಅಂತ ಹಾಕಿದಾರೆ. ಕ್ರೆಡಿಟ್ ಅಂದ್ರೆ ಸಾಲ ಅಲ್ವಾ? ನಮ್ಮಪ್ಪ ಸಾಲದ ಕೋರ್ಸು ಬೇಡ ಅಂತಿದಾರೆ’ ಅಂದಳು. ನನಗೆ ನಗು ಬಂತು. ಅಷ್ಟರಲ್ಲಿ ನನ್ನ ತಲೆಯ ಮೇಲೆ ನಾನೇ ತೂಗುಹಾಕಿದ ‘ಇಂದು ನಗದು, ನಾಳೆ ಸಾಲ’ ಬೋರ್ಡು ಕಣ್ಣಿಗೆ ಬಿತ್ತು. ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಅವಳು ಓದಿದ ಅಕೌಂಟೆನ್ಸಿ ಪುಸ್ತಕದಲ್ಲೂ ಆ ಪದಕ್ಕೆ ಬೇರೆಯೇ ಅರ್ಥ. ಸಾಲದು ಎಂಬಂತೆ ಅದೇ ದಿನ ಅವಳಿಗೆ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಐಡಿ ಮಾಡಿಸಿಕೊಂಡು ಬಾ ಎಂದು ಕಾಲೇಜಿನಿಂದ ಕಳಿಸಿದ್ದರು. ಬ್ಯಾಂಕೂ ಬಂತು, ಕ್ರೆಡಿಟ್ಟೂ ಬಂತು. ಸಾಲವಲ್ಲ ತಾಯಿ ಎಂದು ನಾನು ಎಷ್ಟು ಹೇಳಿದರೂ ಹೊರಗೆ ಬೈಕಿನ ಮೇಲೆ ಕೂತಿದ್ದ ಅವಳ ಅಪ್ಪ ‘ಪಾಸ್‌ಬುಕ್ ಕೊಡ್ತಾರಾ?’ ಎಂದು ಕೇಳಿದರು.

ಅವರಿಗೆ ನಾನು ಹೇಳಿದ್ದು ಇಷ್ಟು. ವಾರಕ್ಕೆ ಒಂದು ಗಂಟೆಯಂತೆ ಇಡೀ ಸೆಮಿಸ್ಟರ್ ಪಾಠ ನಡೆದರೆ ಅದಕ್ಕೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು. ಎರಡೆಕರೆ ಹೊಲದ ಶೇಂಗಾ ಹೋದರೆ ಆಗುವ ಪೆಟ್ಟು ಹತ್ತು ಗುಂಟೆಯದು ಹೋದರೆ ಆಗುವುದಿಲ್ಲವಲ್ಲ, ಹಾಗೆ ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ ಅಂಕ ಕಡಿಮೆಯಾದರೆ ಎಸ್‌ಜಿಪಿಎ ಜಾಸ್ತಿ ಬೀಳುತ್ತದೆ, ಎರಡು ಕ್ರೆಡಿಟ್ಟಿನದರಲ್ಲಿ ಕಡಿಮೆಯಾದರೆ ಅಷ್ಟಿಲ್ಲ. ಎಸ್‌ಜಿಪಿಎ ಅಂದರೆ ಒಂದು ಸೆಮಿಸ್ಟರಿನ ಗ್ರೇಡುಗಳ ಸರಾಸರಿ ಲೆಕ್ಕ, ಸಿಜಿಪಿಎ ಎಲ್ಲ ಸೆಮಿಸ್ಟರುಗಳದ್ದೂ ಸೇರಿಸಿದ ಲೆಕ್ಕ. ‘ಬ್ಯಾಂಕು’ ಎಂದರೆ ಗಳಿಸಿದ ಕ್ರೆಡಿಟ್‌ಗಳನ್ನು ಬರೆದಿಡುವ ಖಾತೆ, ಅಲ್ಲಿ ಬಡ್ಡಿಯೂ ಇಲ್ಲ, ಕಂತೂ ಇಲ್ಲ. ಐದು ನಿಮಿಷದ ಮಾತು. ದಾಖಲಾತಿಯ ದಿನ ಕಾಲೇಜಿನ ಜಗಲಿಯಲ್ಲಿ ಒಬ್ಬರು ಮೇಷ್ಟ್ರು ನಿಂತು ಹೇಳಬಹುದಾದ ಮಾತು.

ಮನೆಯಲ್ಲಿ ಅಣ್ಣನೋ ಅಕ್ಕನೋ ಓದಿದ್ದರೆ ಹೇಳಿಕೊಡುತ್ತಾರೆ ಎಂದು ನೀವು ಅನ್ನಬಹುದು. ಅದೂ ಈಗ ಕೈಕೊಟ್ಟಿದೆ. 2021-22ರಲ್ಲಿ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ, ನಾಲ್ಕನೇ ವರ್ಷದ ಆನರ್ಸ್, ಓಪನ್ ಎಲೆಕ್ಟಿವ್. 2024-25ರಿಂದ ರಾಜ್ಯ ಶಿಕ್ಷಣ ನೀತಿಯ ಆಯೋಗದ ಮಧ್ಯಂತರ ವರದಿಯಂತೆ ಮತ್ತೆ ಮೂರೇ ವರ್ಷದ ಪದವಿ. ಒಂದೇ ಮನೆಯ ಅಣ್ಣನ ಅಂಕಪಟ್ಟಿ ಒಂದು ಭಾಷೆ, ತಂಗಿಯದು ಇನ್ನೊಂದು ಭಾಷೆ. ನೀತಿ ಯಾವುದು ಸರಿ ಎಂದು ಹೇಳುವಷ್ಟು ದೊಡ್ಡವನಲ್ಲ ನಾನು. ಆದರೆ ಪ್ರತಿ ಸಲ ಪದಗಳನ್ನು ಬದಲಾಯಿಸುವವರು ಅದರ ಅರ್ಥವನ್ನೂ ಹೇಳಿಹೋಗಬೇಕಲ್ಲವೇ?

ಇಷ್ಟು ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಡಿಗ್ರಿ ಒಂದು ಪದದಿಂದ ಹೋಯಿತು. ಬಿ.ಎ. ಸೇರಿದ್ದೆ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಹೋಯಿತು. ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರಿನ ಮುಂದೆ ‘ಕ್ಯಾರಿ ಓವರ್’ ಎಂದಿತ್ತು. ಹಳ್ಳಿಯ ಶಾಲೆಯಲ್ಲಿ ಓದಿದವನು, ಫೇಲಾದರೆ ಅದೇ ಕ್ಲಾಸಿನಲ್ಲಿ ಕೂರಬೇಕು ಎಂಬುದಷ್ಟೇ ಗೊತ್ತು. ಆಫೀಸಿನ ಕಿಟಕಿಯಲ್ಲಿ ಕೇಳಿದ್ದಕ್ಕೆ ‘ಬೋರ್ಡ್ ನೋಡ್ಕೊ ಹೋಗಯ್ಯ’ ಅಂದರು. ನೋಡಿಕೊಂಡೆ, ಊರಿಗೆ ಹೋದೆ. ಆ ವಿಷಯವನ್ನು ಬಾಕಿ ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದಿತ್ತು, ಆಮೇಲೆ ಬರೆದುಕೊಳ್ಳಬಹುದಿತ್ತು ಎಂಬುದು ತಿಳಿದಾಗ ನನಗೆ ಮದುವೆಯಾಗಿ ಮಗು ಆಗಿತ್ತು. ಹೇಳಿದವನು ನನ್ನ ಜೊತೆಗೇ ಫೇಲಾಗಿದ್ದವನು. ಈಗ ಅವನು ಹೈಸ್ಕೂಲು ಮೇಷ್ಟ್ರು.

ಇನ್ನು ದುಡ್ಡಿನ ಮಾತಿಗೆ ಬರುತ್ತೇನೆ. ಪಾಠದ ಪದ ತಿಳಿಯದಿದ್ದರೆ ಒಂದು ಸೆಮಿಸ್ಟರ್ ಪರದಾಡಿ ಕಲಿತುಕೊಳ್ಳುತ್ತಾರೆ. ದುಡ್ಡಿನ ಪದ ತಿಳಿಯದಿದ್ದರೆ ಕಾಲೇಜನ್ನೇ ಬಿಡುತ್ತಾರೆ.

‘ವಿದ್ಯಾರ್ಥಿವೇತನ’ ಎಂಬ ಪದವನ್ನೇ ನೋಡಿ. ವೇತನ ಎಂದರೆ ಸಂಬಳ. ತಿಂಗಳು ತಿಂಗಳು ಬರುತ್ತದೆ ಎಂದು ನಂಬಿ ಮಗನನ್ನು ಊರಿಂದ ಕಳಿಸಿ ರೂಮು ಮಾಡಿಸಿದವರನ್ನು ನಾನು ಕಂಡಿದ್ದೇನೆ. ಶುಲ್ಕ ವಿನಾಯಿತಿ, ಶುಲ್ಕ ಮರುಪಾವತಿ, ವಿದ್ಯಾರ್ಥಿವೇತನ, ಊಟ-ವಸತಿ ಸಹಾಯ, ಶಿಕ್ಷಣ ಸಾಲ: ಈ ಐದೂ ನಮ್ಮ ಕಡೆ ಒಂದೇ ಹೆಸರಿನಲ್ಲಿ ಓಡಾಡುತ್ತವೆ, ‘ಸ್ಕಾಲರ್‌ಶಿಪ್’. ವಿನಾಯಿತಿ ಎಂದರೆ ಆ ದುಡ್ಡನ್ನು ಕಟ್ಟುವುದೇ ಬೇಡ. ಮರುಪಾವತಿ ಎಂದರೆ ಯಾರಾದರೂ ಮೊದಲು ಕಟ್ಟಿರಬೇಕು ಅಥವಾ ಕಾಲೇಜು ಕಾಯಬೇಕು, ದುಡ್ಡು ಆಮೇಲೆ ಬರುತ್ತದೆ. ಬಡವನಿಗೆ ಈ ಎರಡರ ನಡುವಿನ ದೂರ ಎಷ್ಟು ಗೊತ್ತೇ? ಒಂದು ಜೊತೆ ಕುರಿ ಮಾರುವಷ್ಟು.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ಯೋಜನೆಯ ಮಾತು ಹೇಳುತ್ತೇನೆ, ಹೆಚ್ಚು ಗೋಜಲು ಅಲ್ಲೇ. ಪೋಷಕರ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗಿರಬೇಕು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಈ ಯೋಜನೆಯ ಖರ್ಚನ್ನು 60:40ರಂತೆ ಕೇಂದ್ರ ಮತ್ತು ರಾಜ್ಯದ ನಡುವೆ ಹಂಚಿತು. ಕೇಂದ್ರದ ಪಾಲು ಆಧಾರ್ ಮೂಲಕ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬೀಳುತ್ತದೆ. ಅಂದರೆ ಹಣ ಒಂದೇ ಸಲ ಬರುವುದಿಲ್ಲ, ಮತ್ತು ಬಂದ ಹಣದಲ್ಲಿ ಕಾಲೇಜಿನ ಶುಲ್ಕವೂ ಸೇರಿರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಹಬ್ಬದ ಮುಂದೆ ಖಾತೆಗೆ ಒಂದಿಷ್ಟು ಸಾವಿರ ಬಿದ್ದರೆ ಮನೆಯವರು ಅದು ಮಗಳ ಓದಿಗೆ ಸರ್ಕಾರ ಕೊಟ್ಟ ಬಹುಮಾನ ಎಂದುಕೊಂಡು ಗೊಬ್ಬರದಂಗಡಿಯ ಬಾಕಿ ತೀರಿಸುತ್ತಾರೆ. ಆಮೇಲೆ ಕಾಲೇಜಿನವರು ‘ನಿನ್ನ ಖಾತೆಗೆ ಬಂದಿದೆ, ಶುಲ್ಕ ಕಟ್ಟು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ’ ಎನ್ನುತ್ತಾರೆ. ಹೀಗೆ ಸಿಕ್ಕಿಬಿದ್ದ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದು ‘ಅಣ್ಣ, ನಾನು ಕಳ್ಳಿ ಥರ ಆಗೋದೆ’ ಎಂದು ಅತ್ತಳು. ಯಾರನ್ನು ಬೈಯುವುದು?

ಇದೇ ಯೋಜನೆಯ ಮಾರ್ಗಸೂಚಿಯಲ್ಲಿ ‘ಫ್ರೀಶಿಪ್ ಕಾರ್ಡ್’ ಎಂಬುದೊಂದಿದೆ. ಅರ್ಹ ವಿದ್ಯಾರ್ಥಿ ಅದನ್ನು ತೋರಿಸಿ ಮುಂಗಡ ಶುಲ್ಕ ಕಟ್ಟದೆ ಪ್ರವೇಶ ಪಡೆಯಲಿ ಎಂಬ ಉದ್ದೇಶದ್ದು. ಇಷ್ಟು ವರ್ಷದಲ್ಲಿ ಆ ಹೆಸರು ಹೇಳಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಈ ಯೋಜನೆಯ ಹಣ ಸಿಗುವುದಿಲ್ಲ ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ಏಜೆಂಟ್ ಕೈಯಲ್ಲಿ ಸೀಟು ಮಾಡಿಸಿಕೊಂಡು ಸಿಹಿ ಹಂಚಿದ ಮೇಲೆ ಅದು ತಿಳಿದರೆ ಏನು ಪ್ರಯೋಜನ?

ಹಿಂದುಳಿದ ವರ್ಗದ ಮಕ್ಕಳಿಗೆ ‘ವಿದ್ಯಾಸಿರಿ’ ಇದೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡಲು ಶುರುವಾದ ಯೋಜನೆ. ಅದಕ್ಕೂ ಶುಲ್ಕಕ್ಕೂ ಸಂಬಂಧವಿಲ್ಲ. ರೈತರ ಮಕ್ಕಳಿಗೆ 2021ರಲ್ಲಿ ‘ರೈತ ವಿದ್ಯಾನಿಧಿ’ ಬಂತು, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ 5000, ಹುಡುಗಿಯರಿಗೆ 5500. ಅದಕ್ಕೆ ತಂದೆಯ ‘ಫ್ರೂಟ್ಸ್’ ಐಡಿ ಬೇಕು. ನಾನು ಒಬ್ಬ ಯಜಮಾನರನ್ನು ‘ಫ್ರೂಟ್ಸ್ ಐಡಿ ಐತಾ?’ ಎಂದು ಕೇಳಿದರೆ ‘ಇಲ್ಲಪ್ಪ, ನಾವು ಶೇಂಗಾ ಹಾಕೋರು, ಹಣ್ಣಿನ ಗಿಡ ಇಟ್ಟಿಲ್ಲ’ ಅಂದರು. ಹೊಲದ ಪಹಣಿ, ಆಧಾರ್ ಸೇರಿಸಿ ರೈತನಿಗೆ ಕೊಡುವ ನಂಬರಿಗೆ ಹಣ್ಣಿನ ಹೆಸರು ಇಟ್ಟವರು ಯಾರೋ, ಅವರನ್ನೊಮ್ಮೆ ನೋಡಬೇಕು ಅನ್ನಿಸುತ್ತದೆ.

ಈಗ ನನಗೆ ಅತಿ ಹೆಚ್ಚು ದುಡ್ಡು ತಂದುಕೊಡುವ ಪದ: ‘ಸೀಡಿಂಗ್’. ‘ನಮ್ಮ ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ’ ಎಂದು ಎಲ್ಲರೂ ಹೇಳುತ್ತಾರೆ, ಪಾಸ್‌ಬುಕ್ ತೋರಿಸುತ್ತಾರೆ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಬ್ಯಾಂಕಿನವರು ನಿಮ್ಮ ಗುರುತಿಗೆಂದು ಆಧಾರ್ ತೆಗೆದುಕೊಂಡಿದ್ದರೆ ಅದು ಅವರ ಕಡತದಲ್ಲಿರುತ್ತದೆ, ಅಷ್ಟೇ. ಸರ್ಕಾರದ ಹಣ ಬರಬೇಕಾದರೆ ಈ ಆಧಾರಿಗೆ ಈ ಬ್ಯಾಂಕು ಎಂದು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಸೇರಿರಬೇಕು. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಗೆ ಸೇರಿಸಿದ್ದೇ ಲೆಕ್ಕಕ್ಕೆ. ಹುಡುಗರು ಬಸ್ ನಿಲ್ದಾಣದಲ್ಲಿ ಯಾವುದೋ ಸಿಮ್ಮಿಗೋ ಆ್ಯಪಿಗೋ ಹೆಬ್ಬೆಟ್ಟು ಒತ್ತಿರುತ್ತಾರೆ, ಅಲ್ಲೊಂದು ಖಾತೆ ಹುಟ್ಟಿಕೊಂಡಿರುತ್ತದೆ, ಸ್ಕಾಲರ್‌ಶಿಪ್ ಹೋಗಿ ಅಲ್ಲಿ ಕೂತಿರುತ್ತದೆ. ಮಗ ಮಾತ್ರ ಹಳೆಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುತ್ತಲೇ ಇರುತ್ತಾನೆ. ಆಧಾರ್ ಜಾಲತಾಣದಲ್ಲಿ ನಂಬರ್ ಹಾಕಿ, ಮೊಬೈಲಿಗೆ ಬಂದ ಓಟಿಪಿ ಕೊಟ್ಟರೆ ಯಾವ ಬ್ಯಾಂಕು ಸೀಡ್ ಆಗಿದೆ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಟ್ಟಿ. ನಾನು ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ.

ಹೆಸರಿನ ತಕರಾರು ಬೇರೆ. ಅಂಕಪಟ್ಟಿಯಲ್ಲಿ ಮಂಜುನಾಥ ಎನ್., ಆಧಾರಿನಲ್ಲಿ ಮಂಜುನಾಥ, ಜಾತಿ ಪ್ರಮಾಣಪತ್ರದಲ್ಲಿ ಎನ್. ಮಂಜುನಾಥ. ಎಸ್‌ಎಸ್‌ಪಿ ಎಂಬ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದಾಗ ಕಂಪ್ಯೂಟರು ಈ ಮೂವರನ್ನೂ ಬೇರೆ ಬೇರೆ ಮನುಷ್ಯರು ಎಂದುಕೊಳ್ಳುತ್ತದೆ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಇದು ತಿಳಿದರೆ ನಾಡಕಚೇರಿಗೆ ಓಡಿಯೂ ಫಲವಿಲ್ಲ. ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲೇ ಸರಿಮಾಡಿಸಿಕೊಳ್ಳಿ ಎಂದು ಪಿಯು ಕಾಲೇಜಿನಲ್ಲೇ ಒಂದು ಮಾತು ಹೇಳಿ ಕಳಿಸಿದರೆ ಅರ್ಧ ಜನರ ಕಷ್ಟ ಮುಗಿಯುತ್ತದೆ.

ಕೇಂದ್ರದ್ದೊಂದು ವಿದ್ಯಾರ್ಥಿವೇತನ ಇದೆ, ಪದವಿಯವರಿಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವರಮಾನ ನಾಲ್ಕೂವರೆ ಲಕ್ಷ ಮೀರಬಾರದು, ಅಂಕ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಈ ‘ಟೈಲ್’ ಎಂಬ ಬಾಲವನ್ನು ಯಾರೂ ನೋಡುವುದಿಲ್ಲ. ‘ನನಗೆ 78 ಪರ್ಸೆಂಟ್, ನನಗೆ ಬರಲ್ಲ’ ಎಂದು ಹಾಗೇ ತಿರುಗಿ ಹೋಗುತ್ತಾರೆ, 84 ಬಂದವರು ಬಂದೇಬರುತ್ತದೆ ಎಂದು ಕಾಯುತ್ತಾರೆ. ನಿಮ್ಮ ಬೋರ್ಡಿನಲ್ಲಿ ನಿಮ್ಮ ವಿಭಾಗದಲ್ಲಿ ಪಾಸಾದ ನೂರು ಜನರನ್ನು ಹೆಚ್ಚು ಅಂಕದವರು ಮೊದಲು ಬರುವಂತೆ ಸಾಲಾಗಿ ನಿಲ್ಲಿಸಿದರೆ ಮೊದಲ ಇಪ್ಪತ್ತರಲ್ಲಿ ನೀವಿರಬೇಕು ಎಂಬುದು ಅದರ ಅರ್ಥ. ಆ ವರ್ಷದ ಫಲಿತಾಂಶ ಹೇಗಿತ್ತೋ ಹಾಗೆ ಅದು ಏರುತ್ತದೆ, ಇಳಿಯುತ್ತದೆ. ಮತ್ತೆ, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ. ಎರಡಕ್ಕೂ ಹಾಕಿಬಿಡೋಣ ಎನ್ನುವವರಿಗೆ ಯಾವುದು ದೊಡ್ಡದು ಎಂದು ಲೆಕ್ಕ ಹಾಕಿಕೊಡುವವರು ಕಾಲೇಜಿನಲ್ಲಿ ಒಬ್ಬರಾದರೂ ಬೇಕು.

ಸಾಲದ ವಿಷಯಕ್ಕೆ ಬಂದರೆ ನನಗೆ ಭಯವಾಗುತ್ತದೆ. ‘ಅರಿವು’ ಎಂಬ ಚೆಂದದ ಹೆಸರಿನ ಯೋಜನೆಯನ್ನು ಸ್ಕಾಲರ್‌ಶಿಪ್ ಎಂದೇ ತಿಳಿದು ಸಹಿ ಹಾಕಿದವರಿದ್ದಾರೆ. ರಾಜ್ಯದ ಅಭಿವೃದ್ಧಿ ನಿಗಮಗಳು ಶೇ. 2ರಷ್ಟು ಕಡಿಮೆ ಬಡ್ಡಿಗೆ ಕೊಡುವ ಒಳ್ಳೆಯ ಸಾಲ ಅದು. ಆದರೆ ಸಾಲ. ತೀರಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ‘ಮೊರಟೋರಿಯಂ’ ಎಂದು ಬರೆದಿರುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದರ್ಥ. ಬಡ್ಡಿ ನಿಂತಿದೆ ಎಂದು ಅರ್ಥವಲ್ಲ. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದರೆ, ಲೆಕ್ಕಕ್ಕೆ ಶೇ. 10 ಬಡ್ಡಿ ಇಟ್ಟುಕೊಳ್ಳಿ, ಐದನೇ ವರ್ಷದ ಕೊನೆಗೆ ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಹೀಗೆ ಸರಳ ಬಡ್ಡಿಯೇ 1 ಲಕ್ಷ 40 ಸಾವಿರ ಆಗಿರುತ್ತದೆ. ಮೊದಲ ಕಂತು ಕಟ್ಟುವ ದಿನ ಹುಡುಗ ಹೊರಬೇಕಾದದ್ದು ನಾಲ್ಕು ಲಕ್ಷವಲ್ಲ, ಐದು ಲಕ್ಷ ನಲವತ್ತು ಸಾವಿರ. ವೃತ್ತಿಪರ ಕೋರ್ಸಿನವರಿಗೆ, ವರಮಾನ ನಾಲ್ಕೂವರೆ ಲಕ್ಷದೊಳಗಿದ್ದರೆ, ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, ಅದರ ಪಟ್ಟಿಯಲ್ಲಿರುವ ಸಂಸ್ಥೆಗೆ ಸೇರಿದವರಿಗೆ ಜಾಮೀನಿಲ್ಲದ ಸಾಲವಿದೆ, ವರಮಾನ 8 ಲಕ್ಷದವರೆಗಿನವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿಯೂ ಇದೆ. ಆ ಪಟ್ಟಿಯಲ್ಲಿ ತನ್ನ ಕಾಲೇಜು ಇದೆಯೋ ಇಲ್ಲವೋ ಎಂಬುದನ್ನು ಸೇರುವ ಮೊದಲೇ ಹುಡುಗನಿಗೆ ಹೇಳುವವರು ಯಾರು? ಬ್ಯಾಂಕಿನವರು ಸಾಲ ಮಂಜೂರಾದ ಮೇಲೆ ಹೇಳುತ್ತಾರೆ. ಅದೂ ಕೇಳಿದರೆ.

ಕೊನೆಯದೊಂದು, ಇದು ಖಾಸಗಿ ಕಾಲೇಜುಗಳವರಿಗೆ. ಸಿಇಟಿಯಲ್ಲಿ ಬೇರೆ ಸೀಟು ಸಿಕ್ಕಿ ಮಗು ಬಿಟ್ಟುಹೋಗುವಾಗ ‘ಕಟ್ಟಿದ ಶುಲ್ಕ ವಾಪಸ್ ಇಲ್ಲ’ ಎಂಬ ರಬ್ಬರ್ ಸ್ಟಾಂಪು ತೋರಿಸುತ್ತೀರಿ. 2024-25ನೇ ಸಾಲಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೇಳಿದ್ದು, ಸೆಪ್ಟೆಂಬರ್ 30ರೊಳಗೆ ಬಿಟ್ಟರೆ ಪೂರ್ತಿ ಶುಲ್ಕ ಕೊಡಿ, ಅಕ್ಟೋಬರ್ 31ರೊಳಗಾದರೆ 1000 ರೂಪಾಯಿಗಿಂತ ಹೆಚ್ಚು ಹಿಡಿಯಬೇಡಿ ಎಂದು. ಮೂಲ ಅಂಕಪಟ್ಟಿ, ಟಿಸಿಗಳನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು 2018ರಲ್ಲೇ ಹೇಳಿದೆ. ಆ ಸುತ್ತೋಲೆಯ ಪ್ರತಿಯನ್ನು ಪ್ರಿಂಟ್ ಹಾಕಿ ಒಬ್ಬ ತಾಯಿಯ ಕೈಗೆ ಕೊಟ್ಟು ಕಳಿಸಿದ್ದೆ. ಹೆಸರು ಬೇಡ, ಆ ಕಾಲೇಜಿನವರು ಮೂರನೇ ದಿನ ಚೆಕ್ ಕೊಟ್ಟರು. ಎರಡು ಹಾಳೆ, ನಾಲ್ಕು ರೂಪಾಯಿ.

ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಯೋಜನೆಗಳು ಬೇಕಾದಷ್ಟಿವೆ. ಅರ್ಜಿ ನಮೂನೆಯ ಜೊತೆ ಒಂದು ಹಾಳೆ ಕೊಡಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಯಾವ ದುಡ್ಡನ್ನು ಕಟ್ಟುವುದೇ ಬೇಡ, ಯಾವುದು ಕಟ್ಟಿ ವಾಪಸ್ ಪಡೆಯುವುದು, ಯಾವುದು ಬಂದ ಮೇಲೆ ಕಾಲೇಜಿಗೆ ಕೊಡಬೇಕಾದದ್ದು, ಯಾವುದು ಸಾಲ, ಇಷ್ಟೇ ಬರೆಯಿರಿ. ದಾಖಲಾತಿಯ ವಾರ ಕಿಟಕಿಯ ಈಚೆ ಒಂದು ಬೆಂಚು ಹಾಕಿ ಒಬ್ಬರನ್ನು ಕೂರಿಸಿ, ಕಿಟಕಿಯ ಆಚೆ ಬೇಡ. ಹಿಂದಿನ ವರ್ಷ ಅರ್ಜಿ ಹಾಕಿ ಹಣ ಪಡೆದ ಎರಡನೇ ವರ್ಷದ ಹುಡುಗಿಯರನ್ನೇ ಕೂರಿಸಿದರೂ ಸಾಕು. ನನಗಿಂತ ಚೆನ್ನಾಗಿ ಹೇಳುತ್ತಾರೆ. ಎಸ್‌ಎಸ್‌ಪಿಯಲ್ಲಿ ದಾಖಲೆಗಳ ಇ-ದೃಢೀಕರಣ ಮಾಡುವ ಅಧಿಕಾರಿ ಯಾರು, ಯಾವ ಕೋಣೆ, ಎಷ್ಟು ಹೊತ್ತಿಗೆ ಇರುತ್ತಾರೆ ಎಂದು ಬಾಗಿಲ ಮೇಲೆ ಬರೆದು ಅಂಟಿಸಿ. ಅದೊಂದನ್ನು ಕೇಳಲಿಕ್ಕೇ ದಿನಕ್ಕೆ ಹತ್ತು ಜನ ನನ್ನ ಅಂಗಡಿಗೆ ಬರುತ್ತಾರೆ. ಅದಕ್ಕೆ ಮಾತ್ರ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಹಾಳೆಯ ಕರಡು ಬೇಕಿದ್ದರೆ ನನ್ನ ಅಂಗಡಿಯ ಗೋಡೆಯ ಮೇಲಿದೆ. ಆ ಕ್ರೆಡಿಟ್ ಕೇಳಿದ ಹುಡುಗಿಯೇ ಬಿ.ಕಾಂ. ಸೇರಿದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟದ್ದು. ಮೊದಲನೇ ಸಾಲು: ‘ಕ್ರೆಡಿಟ್ ಅಂದರೆ ಸಾಲ ಅಲ್ಲ.’ ಪಕ್ಕದಲ್ಲೇ ನನ್ನ ಹಳೆಯ ಬೋರ್ಡೂ ಇದೆ. ಜೂನ್‌ನಲ್ಲಿ ಬನ್ನಿ, ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದಿರುತ್ತೇನೆ.

ಇಂತಿ,
ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು